ತೂಕಡಿಕೆಯ ಚರಿತ್ರೆ: ಸೋಮಾರಿತನದ ಅಪವಾದದಿಂದ ವಂಶವಾಹಿಯವರೆಗೆ

ಹಗಲಿನಲ್ಲಿ ತೂಕಡಿಸುವ ಮಗುವಿಗೆ ನಮ್ಮ ಮನೆಗಳಲ್ಲಿ 'ಕುಂಭಕರ್ಣ' ಎಂಬ ಹೆಸರು ಸುಲಭವಾಗಿ ಅಂಟಿಕೊಳ್ಳುತ್ತದೆ. ಆದರೆ ಕುಂಭಕರ್ಣನ ನಿದ್ದೆ ಬ್ರಹ್ಮನಿಂದ ಬಂದದ್ದೇ ಹೊರತು ಅವನ ಸೋಮಾರಿತನದಿಂದಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಅತಿಯಾದ ಹಗಲುನಿದ್ದೆ ಗುಣದೋಷವಲ್ಲ, ದೇಹದ ಸ್ಥಿತಿ ಎಂಬುದನ್ನು ಖಚಿತವಾಗಿ ಅರಿಯಲು ವೈದ್ಯವಿಜ್ಞಾನಕ್ಕೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

1877ರಲ್ಲಿ ಜರ್ಮನಿಯ ವೈದ್ಯ ವೆಸ್ಟ್‌ಫಾಲ್ ಇಂಥ ರೋಗಿಗಳನ್ನು ವರ್ಣಿಸಿದನು. 1880ರಲ್ಲಿ ಫ್ರಾನ್ಸಿನ ಗೆಲಿನೋ ಈ ಕಾಯಿಲೆಗೆ 'ನಾರ್ಕೊಲೆಪ್ಸಿ' ಎಂದು ಹೆಸರಿಟ್ಟನು. ಅವನ ರೋಗಿ ದ್ರಾಕ್ಷಾರಸದ ಪೀಪಾಯಿಗಳ ವ್ಯಾಪಾರಿ. ದಿನಕ್ಕೆ ಹಲವು ಬಾರಿ ತಡೆಯಲಾಗದ ನಿದ್ದೆ ಆತನನ್ನು ಆವರಿಸುತ್ತಿತ್ತು. ಮನಸ್ಸು ಉಲ್ಲಾಸಗೊಂಡಾಗ ಕಾಲುಗಳ ಬಲ ಉಡುಗುತ್ತಿತ್ತು. ಹೆಸರು ದೊರೆತರೂ ಕಾರಣ ದೊರೆಯಲಿಲ್ಲ. ಇದನ್ನು ಮನಸ್ಸಿನ ದೋಷವೆಂದೇ ಬಗೆದ ವೈದ್ಯರು ಮುಂದೆಯೂ ಅನೇಕರಿದ್ದರು.

ಉತ್ತರದ ಜಾಡು ಸಿಕ್ಕಿದ್ದು ನಾಯಿಗಳಿಂದ. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡೆಮೆಂಟ್ ಅವರು ಇದೇ ಕಾಯಿಲೆಯುಳ್ಳ ನಾಯಿಗಳನ್ನು ಸಾಕಿದರು. ಇಷ್ಟದ ತಿನಿಸನ್ನು ಕಂಡೊಡನೆ ಹಿಗ್ಗಿನಿಂದ ಓಡಿಬಂದ ನಾಯಿ ಅಲ್ಲೇ ಕುಸಿದುಬೀಳುತ್ತಿತ್ತು. ಡಾಬರ್‌ಮನ್ ಮತ್ತು ಲ್ಯಾಬ್ರಡಾರ್ ತಳಿಗಳಲ್ಲಿ ಅದು ತಂದೆತಾಯಿಗಳಿಬ್ಬರಿಂದಲೂ ದೋಷಯುಕ್ತ ಪ್ರತಿ ಬಂದಾಗ ಮಾತ್ರ ಮರಿಯಲ್ಲಿ ಪ್ರಕಟವಾಗುತ್ತಿತ್ತು. ಎಮ್ಯಾನುಯೆಲ್ ಮಿನ್ಯೋ ಅವರ ತಂಡ ಸುಮಾರು ಹತ್ತು ವರ್ಷ ಹುಡುಕಿ, 1999ರಲ್ಲಿ ಆ ವಂಶವಾಹಿಯನ್ನು ಗುರುತಿಸಿತು. ಮಿದುಳನ್ನು ಎಚ್ಚರವಾಗಿಡುವ 'ಹೈಪೊಕ್ರೆಟಿನ್' ಎಂಬ ರಾಸಾಯನಿಕ ಸಂದೇಶವನ್ನು ಸ್ವೀಕರಿಸುವ ಅಣುವನ್ನು ರೂಪಿಸುವ ವಂಶವಾಹಿ ಅದು. 'ಒರೆಕ್ಸಿನ್' ಎಂಬ ಇನ್ನೊಂದು ಹೆಸರೂ ಇರುವ ಈ ಸಂದೇಶವಾಹಕವನ್ನು ಎರಡು ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದು ಆಗಿನ್ನೂ ಒಂದೇ ವರ್ಷವಾಗಿತ್ತು.

ಮನುಷ್ಯರಲ್ಲಿ ಕಥೆ ತುಸು ಬೇರೆ. 2000ದಲ್ಲಿ ಮೃತ ರೋಗಿಗಳ ಮಿದುಳನ್ನು ಪರೀಕ್ಷಿಸಿದಾಗ ಹೈಪೊಕ್ರೆಟಿನ್ ತಯಾರಿಸುವ ಜೀವಕೋಶಗಳಲ್ಲಿ ಶೇ. 85ರಿಂದ 95ರಷ್ಟು ನಾಶವಾಗಿದ್ದುದು ಕಂಡುಬಂದಿತು. ವಂಶವಾಹಿ ಕೆಟ್ಟಿರುವುದು ಮನುಷ್ಯರಲ್ಲಿ ತೀರ ಅಪರೂಪ; ದೇಹದ ರಕ್ಷಣಾ ವ್ಯವಸ್ಥೆಯೇ ಆ ಕೋಶಗಳ ಮೇಲೆ ತಿರುಗಿಬೀಳುತ್ತದೆಂದು ಬಹುಪಾಲು ತಜ್ಞರ ನಂಬಿಕೆ. ರಕ್ಷಣಾ ವ್ಯವಸ್ಥೆಗೆ ಸಂಬಂಧಿಸಿದ ಎಚ್‌ಎಲ್‌ಎ ವಂಶವಾಹಿಯ ಒಂದು ಬಗೆಗೂ ಈ ಕಾಯಿಲೆಗೂ ನಂಟಿರುವುದನ್ನು ಜಪಾನಿನ ವಿಜ್ಞಾನಿಗಳು 1980ರ ದಶಕದಲ್ಲೇ ತೋರಿಸಿದ್ದರು. ಆದರೆ ಆ ಬಗೆಯನ್ನು ಹೊತ್ತ ಬಹುತೇಕರು ಆರೋಗ್ಯವಾಗಿಯೇ ಇರುತ್ತಾರೆ. ಏಕರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೂ ಇನ್ನೊಬ್ಬರಿಗೆ ಅದು ಬಾರದಿರುವುದೇ ಹೆಚ್ಚು. ಹೀಗೆ ವಂಶವಾಹಿ ಒಲವನ್ನು ಕೊಡುತ್ತದೆ, ಹಣೆಬರಹವನ್ನು ಬರೆಯುವುದಿಲ್ಲ.

ಕಾಯಿಲೆಯ ಮಟ್ಟಕ್ಕೆ ಹೋಗದ ಸಾಮಾನ್ಯ ತೂಕಡಿಕೆಯ ಮಾತೇನು? ಅದಕ್ಕೆ ಉತ್ತರ ಹುಡುಕಿದ್ದು ನಾವು ನೆಲೆಸಿರುವ ಈ ಬ್ರಿಟನ್ನಿನ ಮಾಹಿತಿಯಿಂದಲೇ. ಯುಕೆ ಬಯೋಬ್ಯಾಂಕ್ 2006ರಿಂದ 2010ರ ನಡುವೆ ಸುಮಾರು 5 ಲಕ್ಷ ಸ್ವಯಂಸೇವಕರಿಂದ ರಕ್ತದ ಮಾದರಿಗಳನ್ನೂ ಜೀವನಶೈಲಿಯ ವಿವರಗಳನ್ನೂ ಸಂಗ್ರಹಿಸಿತ್ತು. ಅವರಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು ಹಗಲು ತೂಕಡಿಕೆಗೆ ಸಂಬಂಧಿಸಿದ 42 ತಾಣಗಳನ್ನು ವಂಶವಾಹಿ ಸಂಪುಟದಲ್ಲಿ ಗುರುತಿಸಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ಕೆಲವು ತಾಣಗಳು ನಿದ್ದೆಯ ಒತ್ತಡ ಹೆಚ್ಚಾಗಿರುವುದನ್ನೂ, ಕೆಲವು ರಾತ್ರಿಯ ನಿದ್ದೆ ತುಂಡುತುಂಡಾಗುವುದನ್ನೂ ಸೂಚಿಸುತ್ತವೆ. ಅಂದರೆ ಇಬ್ಬರು ಒಂದೇ ಬಗೆಯಾಗಿ ಆಕಳಿಸಿದರೂ ಕಾರಣ ಒಂದೇ ಆಗಿರಬೇಕಿಲ್ಲ.

ಇಲ್ಲೊಂದು ಕೊರತೆಯನ್ನೂ ಗಮನಿಸಬೇಕು. ಆ ಅಧ್ಯಯನಕ್ಕೆ ಆರಿಸಿಕೊಂಡವರೆಲ್ಲ ಯುರೋಪಿಯನ್ ಮೂಲದವರು. ಆದ್ದರಿಂದ ಅದರ ಫಲಿತಾಂಶವನ್ನು ನಮ್ಮ ಕುಟುಂಬಗಳಿಗೆ ಹಾಗೆಯೇ ಅನ್ವಯಿಸಲಾಗದು. ಇಂಥ ಸಂಶೋಧನೆಗಳಲ್ಲಿ ನಮ್ಮವರೂ ಪಾಲ್ಗೊಂಡರೆ ಮುಂದಿನ ಪೀಳಿಗೆಗೆ ಅದು ಉಪಕಾರವಾದೀತು.

ನಾರ್ಕೊಲೆಪ್ಸಿ ಹೆಚ್ಚಾಗಿ ಹದಿಹರೆಯದಲ್ಲಿ ಆರಂಭವಾಗುತ್ತದೆ. ರೋಗವೆಂದು ಗುರುತಿಸುವಷ್ಟರಲ್ಲಿ ಅನೇಕ ವೇಳೆ ವರ್ಷಗಳೇ ಕಳೆದಿರುತ್ತವೆ. ಆ ವರ್ಷಗಳಲ್ಲಿ ಮಗು ಕೇಳುವುದು ಬೈಗುಳವನ್ನೇ. ರಾತ್ರಿ ಸಾಕಷ್ಟು ಮಲಗಿಯೂ ಮಗ ತರಗತಿಯಲ್ಲಿ ನಿದ್ದೆಹೋಗುತ್ತಿದ್ದರೆ, ನಕ್ಕಾಗ ಮಗಳ ಮೊಣಕಾಲು ಕುಸಿಯುತ್ತಿದ್ದರೆ, ಗದರಿಸುವ ಮೊದಲು ಜಿ.ಪಿ.ಯ ಬಳಿಗೆ ಕರೆದೊಯ್ಯೋಣ. ಪೂರ್ಣ ಪರಿಹಾರವಿಲ್ಲದಿದ್ದರೂ ಬದುಕನ್ನು ಹಗುರಗೊಳಿಸುವ ಚಿಕಿತ್ಸೆಗಳಿವೆ. 'ಸೋಮಾರಿ' ಎಂಬ ಮಾತನ್ನು ಮನೆಯೊಳಗೆ ಕೈಬಿಡುವುದೇ ಅದರ ಮೊದಲ ಹೆಜ್ಜೆ.