ಟಿಕೆಟ್ಟಿಲ್ಲದ ಪ್ರಯಾಣದ ಚರಿತ್ರೆ

ದೂರ ಅಂದರೆ ಏನು ಅಂತ ನಮ್ಮಂಥ ವಲಸೆ ಬಂದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1998ರಲ್ಲಿ ಕೊಂಕಣ ರೈಲು ಮಂಗಳೂರಿನವರೆಗೆ ಓಡುವ ಮುಂಚೆ ಮುಂಬಯಿಯ ಕರಾವಳಿ ಕನ್ನಡಿಗರಿಗೆ ಪುಣೆ, ಕೊಲ್ಲಾಪುರ, ಬೆಳಗಾವಿ ಅಂತ ಘಟ್ಟ ಹತ್ತಿ ಇಳಿಯುವ ಬಸ್ಸೇ ಗತಿ. ಸಾನಪಾಡಾದ ಪಕ್ಕದ ವಾಶಿಗೆ ಖಾಡಿ ದಾಟಿ ಲೋಕಲ್ ಬಂದದ್ದೇ 1992ರಲ್ಲಿ!

ಇದೇ ದೂರದ ಲೆಕ್ಕ ಆನ್‌ಲೈನ್ ಆಟಗಳನ್ನು ಕಟ್ಟಿದವರಿಗೂ ತಲೆನೋವಾಯಿತು. ಸಾವಿರಾರು ಜನ ಒಟ್ಟಿಗೆ ಒಂದೊಂದು ಪಾತ್ರವಾಗಿ ಓಡಾಡುವ ಲೋಕಗಳವು. ನಡೆದೇ ಹೋಗಿ ಅಂದರೆ ಬೇಸರ, ಹಾರಿ ಹೋಗಿ ಅಂದರೆ ಲೋಕವೇ ಸಣ್ಣದು. ಏನು ಮಾಡೋದು?

1997ರ 'ಅಲ್ಟಿಮಾ ಆನ್‌ಲೈನ್'ನಲ್ಲಿ ಎರಡೂ ಇತ್ತು. ಮೂನ್‌ಗೇಟ್ ಅನ್ನುವ ಬಾಗಿಲುಗಳು ಪುಕ್ಕಟೆ, ಆದರೆ ಗೊತ್ತಾದ ಜಾಗದಲ್ಲಿ ಮಾತ್ರ. ಬೇಕಾದ ಕಡೆ ಹೋಗಬೇಕಾದರೆ ಮಂತ್ರ ಹಾಕಬೇಕು, ಮಂತ್ರಕ್ಕೆ ಗಿಡಮೂಲಿಕೆ ಸಾಮಾನು ಬೇಕು.

1999ರ 'ಎವರ್‌ಕ್ವೆಸ್ಟ್' ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಜನರನ್ನು ಕ್ಷಣದಲ್ಲಿ ದೂರ ಸಾಗಿಸುವ ಶಕ್ತಿ ಇದ್ದದ್ದು ಡ್ರೂಯಿಡ್ ಮತ್ತು ವಿಝರ್ಡ್ ಪಾತ್ರಗಳಿಗೆ. ಆಟದ ನಾಣ್ಯ ಪಡೆದು ಅವರು ಕರೆದೊಯ್ಯುತ್ತಿದ್ದರು. ನಮ್ಮ ಶೇರ್ ರಿಕ್ಷಾ ಇದ್ದ ಹಾಗೆ ಅನ್ನಿ! 2002ರ ಅಕ್ಟೋಬರಿನಲ್ಲಿ 'ಪ್ಲೇನ್ಸ್ ಆಫ್ ಪವರ್' ಬಂತು. ಅಲ್ಲಲ್ಲಿ ಇಟ್ಟ ಪುಸ್ತಕ ಮುಟ್ಟಿದರೆ ಸಾಕು, ಒಂದು ನಡು ಊರಿಗೆ ಹೋಗಿ ಅಲ್ಲಿಂದ ಬೇಕಾದ ಪಟ್ಟಣಕ್ಕೆ, ಎಲ್ಲಾ ಬಿಟ್ಟಿ. ಸಾಗಿಸುವವರ ಸಂಪಾದನೆ ಬಿತ್ತು. ದಾರಿಗಳೂ ಬಿಕೋ ಅಂದವು.

2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಜಾಣತನ ಮಾಡಿತು. ಪ್ರತಿಯೊಬ್ಬನಿಗೂ ಒಂದು ಹಾರ್ತ್‌ಸ್ಟೋನ್, ಅಂದರೆ ಮನೆಗೆ ಮರಳುವ ಕಲ್ಲು. ತಾನು ಗೊತ್ತುಮಾಡಿಕೊಂಡ ಛತ್ರಕ್ಕೆ ಕಾಸಿಲ್ಲದೆ ವಾಪಸು. ಆದರೆ ಆಗ ಗಂಟೆಗೊಂದೇ ಸಲ ಸಾಧ್ಯವಿತ್ತು! ಹೊಸ ಊರಿಗೆ ಹೋಗಲು ಮಾತ್ರ ಮೊದಲು ಕಾಲ್ನಡಿಗೆ, ಆಮೇಲೆ ಬಾಡಿಗೆ ಕೊಟ್ಟು ಹಕ್ಕಿಯ ಬೆನ್ನು.

2005ರ 'ಗಿಲ್ಡ್ ವಾರ್ಸ್' ಒಮ್ಮೆ ನೋಡಿದ ಊರಿಗೆಲ್ಲ ನಕ್ಷೆ ಒತ್ತಿ ಪುಕ್ಕಟೆ ಹೋಗಲು ಬಿಟ್ಟಿತು. 2012ರಲ್ಲಿ ಅದರ ಎರಡನೇ ಆಟ ಶುಲ್ಕ ಹಾಕಿತು. ಬ್ಯಾಂಕಿನವನಿಗೆ ಇದು ಬೇಗ ಅರ್ಥವಾಗುತ್ತದೆ. ರಾಕ್ಷಸನನ್ನು ಕೊಂದಾಗಲೆಲ್ಲ ಹೊಸ ನಾಣ್ಯ ಹುಟ್ಟುತ್ತದೆ. ಅದನ್ನು ಎಲ್ಲೋ ಒಂದು ಕಡೆ ಹೀರಿಕೊಳ್ಳದಿದ್ದರೆ ಬೆಲೆ ಏರುತ್ತಲೇ ಹೋಗುತ್ತದೆ. ಪ್ರಯಾಣದ ಶುಲ್ಕ ಆ ಕೆಲಸ ಮಾಡುತ್ತದೆ. ಜನ ಬಿಡುತ್ತಾರೆಯೇ? ಕುಸ್ತಿ ಅಖಾಡದಂಥ 'ಹಾರ್ಟ್ ಆಫ್ ದ ಮಿಸ್ಟ್ಸ್'ಗೆ ಹೊಕ್ಕು, ಅಲ್ಲಿನ ಬಾಗಿಲಿಂದ ದೊಡ್ಡ ಪಟ್ಟಣಕ್ಕೆ ಬಿಟ್ಟಿಯಾಗಿ ಇಳಿಯುವ ಉಪಾಯ ಕಂಡುಹಿಡಿದರು. ಫ್ರೀ ಎಟಿಎಂ ಹುಡುಕಿಕೊಂಡು ಎರಡು ಗಲ್ಲಿ ನಡೆಯುವ ನಮ್ಮ ಗ್ರಾಹಕರೇ!

ಇನ್ನೊಂದು ವಿಚಿತ್ರ. 2009ರಲ್ಲಿ ಅಭಿಮಾನಿಗಳೇ ಹಳೇ ಎವರ್‌ಕ್ವೆಸ್ಟನ್ನು 'ಪ್ರಾಜೆಕ್ಟ್ 1999' ಅಂತ ಮತ್ತೆ ಕಟ್ಟಿದರು. ಬೇಕೆಂತಲೇ ಆ ಪುಸ್ತಕಗಳು ಬರುವ ಮುಂಚಿನ ಕಾಲಕ್ಕೇ ನಿಲ್ಲಿಸಿದರು. ಅಲ್ಲಿ ಡ್ರೂಯಿಡ್‌ಗೆ ಮತ್ತೆ ಗಿರಾಕಿ ಸಿಕ್ಕರು.

ಹಾಗಂತ ಕೊಂಕಣ ರೈಲು ಬೇಡವಿತ್ತು ಅಂತ ನಾನು ಹೇಳುವವನಲ್ಲ. ಊರಲ್ಲಿ ವಯಸ್ಸಾದ ತಾಯಿ ಕಾಯುತ್ತಿದ್ದರೆ ದಾರಿಯ ಸೊಬಗು ಯಾರಿಗೆ ಬೇಕು? ಆದರೆ ದಾರಿಯಲ್ಲೂ ಜನ ಇರುತ್ತಾರೆ, ಅವರ ಹೊಟ್ಟೆಪಾಡು ಇರುತ್ತದೆ. ಬಿಟ್ಟಿ ಪ್ರಯಾಣದ ಲೆಕ್ಕ ಬರೆಯುವಾಗ ಖರ್ಚಿನ ಕಲಮಿನಲ್ಲಿ ಅವರನ್ನೂ ಬರೆಯಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ನ್ಯಾಯವಾದದ್ದು ಆ ಮರಳುವ ಕಲ್ಲೇ. ಹೊರಗೆ ಹೋಗಲು ಕಷ್ಟಪಡು, ಮನೆಗೆ ಬರಲು ಮಾತ್ರ ಯಾರಿಗೂ ಕಾಸು ಕೊಡಬೇಡ.