ಫ್ರಾನ್ಸಿನ ರಾಜ್ಯಕ್ರಾಂತಿಯೂ ಬರಿದಾದ ಬೊಕ್ಕಸವೂ

1788ನೆಯ ಇಸವಿ ಆಗಸ್ಟ್ 10ನೆಯ ದಿನ ಫ್ರಾನ್ಸಿನ ದೊರೆಯಾದ ಹದಿನಾರನೆಯ ಲೂಯಿಯು, ಮೈಸೂರಿನ ಟೀಪು ಸುಲ್ತಾನನು ಕಳುಹಿಸಿದ್ದ ಮೂವರು ರಾಯಭಾರಿಗಳನ್ನು ವರ್ಸೇಲ್ಸ್ ಅರಮನೆಯ ಓಲಗದಲ್ಲಿ ಮಹಾವೈಭವದಿಂದ ಬರಮಾಡಿಕೊಂಡನು. ಇಂಗ್ಲಿಷರ ವಿರುದ್ಧ ಸೈನ್ಯಸಹಾಯವನ್ನು ಬೇಡಿ ಅವರು ಸಮುದ್ರವನ್ನು ದಾಟಿ ಬಂದಿದ್ದರು. ಉಪಚಾರಕ್ಕೆ ಕೊರತೆಯಾಗಲಿಲ್ಲ, ಸೈನ್ಯ ಮಾತ್ರ ದೊರೆಯಲಿಲ್ಲ. ಅದಕ್ಕೆ ಎರಡು ದಿನ ಮುಂಚೆಯಷ್ಟೇ ಆ ದೊರೆಯು, 1614ರ ಸಭೆಯ ಬಳಿಕ ಒಮ್ಮೆಯೂ ಸೇರದಿದ್ದ ಮೂರು ವರ್ಗಗಳ ಮಹಾಸಭೆಯನ್ನು ಮುಂದಿನ ವರ್ಷ ಕೂಡಿಸುವುದಾಗಿ ಸಾರಿದ್ದನು. ಓಲಗವಾದ ಆರನೆಯ ದಿನಕ್ಕೆ, ಸಾಲ ಕೊಟ್ಟವರಿಗೆ ಪೂರ್ತಿ ನಗದನ್ನು ಸಲ್ಲಿಸಲಾರದೆ ಸರ್ಕಾರದ ಖಜಾನೆಯು ಕೈಚೆಲ್ಲಿತು.

ಭಾರತದ ನೀತಿಶಾಸ್ತ್ರಕಾರರು ರಾಜ್ಯಕ್ಕೆ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರರೆಂಬ ಏಳು ಅಂಗಗಳನ್ನು ಹೇಳಿರುವರಷ್ಟೆ. ಫ್ರಾನ್ಸಿನಲ್ಲಿ ಮೊದಲು ಕೆಟ್ಟ ಅಂಗವು ಕೋಶ. ರಾಣಿಯ ಒಡವೆ ವಸ್ತ್ರಗಳೇ ರಾಜ್ಯವನ್ನು ನುಂಗಿದವೆಂಬ ಮಾತು ಜನಜನಿತವಾಗಿದೆ. ಲೆಕ್ಕವನ್ನು ನೋಡಿದರೆ ಅದು ನಿಲ್ಲುವುದಿಲ್ಲ. ಅರಮನೆಯ ವೆಚ್ಚವು ಒಟ್ಟು ವೆಚ್ಚದಲ್ಲಿ ಅಲ್ಪಭಾಗ. ಅರ್ಧದಷ್ಟು ಸಾಲದ ಬಾಬಿಗೇ ಹೋಗುತ್ತಿತ್ತು. ಆ ಸಾಲದಲ್ಲಿ ಬಹುಭಾಗವು ಯುದ್ಧಗಳಿಂದ ಬಂದದ್ದು. ಅಮೆರಿಕದವರು ತಮ್ಮ ದೊರೆಯ ಮೇಲೆ ಎದ್ದಾಗ ಅವರಿಗೆ ನೆರವಾಗಲು ಲೂಯಿಯು ಸುಮಾರು ನೂರು ಕೋಟಿ ಲಿವ್ರ್ ನಾಣ್ಯವನ್ನು ವೆಚ್ಚಮಾಡಿದನು. ಪರರಾಜನ ಪ್ರಜೆಗಳ ಬಿಡುಗಡೆಗೆ ತನ್ನ ಸಿಂಹಾಸನವನ್ನೇ ಒತ್ತೆಯಿಟ್ಟಂತಾಯಿತು.

ಅಮಾತ್ಯರಾದರೂ ನಿಜವನ್ನು ನುಡಿದರೇ? 1781ರಲ್ಲಿ ನೆಕ್ಕರನು ಬೊಕ್ಕಸದಲ್ಲಿ ಸುಮಾರು ಒಂದು ಕೋಟಿ ಉಳಿತಾಯವಿದೆಯೆಂದು ಲೆಕ್ಕವನ್ನು ಅಚ್ಚುಹಾಕಿಸಿ ಲೋಕಕ್ಕೆ ಹಂಚಿದನು. 1786ರಲ್ಲಿ ಕಲೋನನು ಹತ್ತು ಕೋಟಿಗೂ ಮಿಕ್ಕ ಕೊರತೆಯಿದೆಯೆಂದು ದೊರೆಗೆ ಅರಿಕೆಮಾಡಿದನು. ಮೊದಲಿನ ಪುಸ್ತಕವನ್ನು ಓದಿದ್ದವರು ಎರಡನೆಯವನನ್ನು ನಂಬುವುದು ಹೇಗೆ?

ಕೊರತೆಯನ್ನು ತುಂಬಲು ಕಂದಾಯವನ್ನು ಹೆಚ್ಚಿಸಬೇಕಾಗಿತ್ತು. ಆದರೆ ಮುಖ್ಯ ಕಂದಾಯದಿಂದ ಶ್ರೀಮಂತವರ್ಗಕ್ಕೂ ಪಾದ್ರಿವರ್ಗಕ್ಕೂ ಮಾಫಿ. ಪಾದ್ರಿವರ್ಗವು ತಾನೇ ಗೊತ್ತುಮಾಡಿದ ಮೊತ್ತವನ್ನು ಕಾಣಿಕೆಯೆಂದು ಕೊಟ್ಟು ಸುಮ್ಮನಾಗುತ್ತಿತ್ತು. ರೈತನಾದರೋ ದೊರೆಗೆ ಕಂದಾಯ, ಉಪ್ಪಿನ ಸುಂಕ, ಮಠಾಧಿಕಾರಿಗಳಿಗೆ ದಶಾಂಶ, ಭೂಸ್ವಾಮಿಗೆ ಕಪ್ಪ, ಇಷ್ಟನ್ನೂ ತೆತ್ತು ಉಳಿದುದನ್ನು ಉಣ್ಣಬೇಕು. 1788ರ ಜುಲೈ 13ರಂದು ಬಿದ್ದ ಆಲಿಕಲ್ಲಿನ ಮಳೆಯು ಪ್ಯಾರಿಸಿನ ಸುತ್ತಣ ಪೈರನ್ನು ಹೊಡೆದುಹಾಕಿತು. ಮರುವರ್ಷ ರೊಟ್ಟಿಯ ಬೆಲೆಯು ಏರಿತು. ಹೀಗೆ ಹಸಿವೂ ಮಹಾಸಭೆಯೂ ಒಂದೇ ಕಾಲಕ್ಕೆ ಕೂಡಿಬಂದವು. ಮೂರನೆಯ ವರ್ಗದವರೊಡನೆ ಮೊದಲು ಬಂದು ಕುಳಿತವರು ಹಳ್ಳಿಗಳ ಬಡ ಪಾದ್ರಿಗಳೆಂಬುದನ್ನು ಇಲ್ಲಿ ಮರೆಯಲಾಗದು. 1789ರ ಜುಲೈ 14ರಂದು ಬಾಸ್ಟೀಲ್ ದುರ್ಗವನ್ನು ಮುತ್ತಿದವರೊಡನೆ ದೊರೆಯ ಕಾವಲು ಸಿಪಾಯಿಗಳೂ ಸೇರಿದರು. ಕೋಶದ ಹಿಂದೆ ದಂಡವೂ ಹೋಯಿತು. ಆಗಸ್ಟ್ 4ರ ರಾತ್ರಿ ಸಭೆಯಲ್ಲಿ ಶ್ರೀಮಂತರು ತಮ್ಮ ವಿಶೇಷ ಹಕ್ಕುಗಳನ್ನು ತಾವೇ ಬಿಟ್ಟುಕೊಟ್ಟರು.

ಬೊಕ್ಕಸವು ಮಾತ್ರ ಬರಿದಾಗಿಯೇ ಇದ್ದಿತು. ಅದೇ ನವೆಂಬರಿನಲ್ಲಿ ಸಭೆಯು ಪಾದ್ರಿವರ್ಗದ ಆಸ್ತಿಯನ್ನೆಲ್ಲ ರಾಷ್ಟ್ರದ ವಶಮಾಡಿ, ಅದರ ಆಧಾರದ ಮೇಲೆ ಕಾಗದದ ಹಣವನ್ನು ಹೊರಡಿಸಿತು. ಕಾಗದ ಹೆಚ್ಚಿದಂತೆ ಅದರ ಬೆಲೆ ಇಳಿಯಿತು, ಧಾನ್ಯದ ಬೆಲೆ ಏರಿತು. 1792ರಲ್ಲಿ ಯುದ್ಧ ಹತ್ತಿಕೊಂಡಿತು. ಆ ವರ್ಷದ ಆಗಸ್ಟ್ 10ರಂದು, ಮೈಸೂರಿನ ರಾಯಭಾರಿಗಳು ಓಲಗ ಕಂಡ ನಾಲ್ಕು ವರ್ಷಕ್ಕೆ ಸರಿಯಾಗಿ, ಪ್ಯಾರಿಸಿನ ಜನವು ಅರಮನೆಗೆ ನುಗ್ಗಿತು. 1793ರ ಜನವರಿ 21ರಂದು ಲೂಯಿಯ ಶಿರಚ್ಛೇದವಾಯಿತು. ಟೀಪುವಾದರೋ ಮಿತ್ರಬಲವಿಲ್ಲದೆ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನು ಕಳೆದುಕೊಂಡಿದ್ದನು.

ತರುವಾಯದ ಘೋರಹತ್ಯೆಗಳನ್ನು ವಿಸ್ತರಿಸಬೇಕಾಗಿಲ್ಲ. ಸಾಲವನ್ನು ತೀರಿಸಲಾರೆನೆಂದು ನಿರಾಕರಿಸುವ ಧೈರ್ಯವಿಲ್ಲದೆ ಮಹಾಸಭೆಯನ್ನು ಕರೆದು ದೊರೆಯು ಕೆಟ್ಟನು. ಅವನ ಸ್ಥಾನಕ್ಕೆ ಬಂದ ಗಣರಾಜ್ಯವು 1797ರಲ್ಲಿ ಸಾಲದ ಮೂರರಲ್ಲಿ ಎರಡು ಪಾಲನ್ನು ತಳ್ಳಿಹಾಕಿತು. 1804ರಲ್ಲಿ ನೆಪೋಲಿಯನ್ನನು ಚಕ್ರವರ್ತಿಯಾದನು. 1814ರಲ್ಲಿ ಲೂಯಿಯ ತಮ್ಮನೇ ಸಿಂಹಾಸನವೇರಿದನು. ಆದರೂ ರೈತನ ಮೇಲಿನ ದಶಾಂಶವೂ ಭೂಸ್ವಾಮಿಯ ಕಪ್ಪವೂ ಮರಳಿ ಬರಲಿಲ್ಲ. ಮಾರಾಟವಾಗಿದ್ದ ಭೂಮಿಗಳು ಕೊಂಡವರ ಸ್ವತ್ತೇ ಎಂದು ಹೊಸ ದೊರೆಯು ತನ್ನ ಶಾಸನದಲ್ಲಿ ಬರೆದುಕೊಡಬೇಕಾಯಿತು.