ಕಣ್ಣಿನ ಬಾಗನ್ನು ಅಳೆದ ಕೆರಟೋಮೀಟರ್

ಜಾವಲ್–ಶ್ಯೋಟ್ಸ್ ಮಾದರಿ. ಪ್ಯಾರಿಸ್, 1881. ಲೋಹ ಮತ್ತು ಗಾಜು.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ಪುಟ್ಟ ಉಬ್ಬುಗನ್ನಡಿಯಂತೆ ಹೊಳೆಯುತ್ತದೆ. ಅದರಲ್ಲಿ ಮೂಡುವ ಪ್ರತಿಬಿಂಬದ ಗಾತ್ರದಿಂದ ಬಾಗನ್ನು ಲೆಕ್ಕಹಾಕುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರ ದಶಕದಲ್ಲೇ ರೂಪಿಸಿದ್ದರು. ಅದನ್ನು ಪ್ರಯೋಗಾಲಯದಿಂದ ವೈದ್ಯರ ಮೇಜಿಗೆ ತಂದವರು ಫ್ರಾನ್ಸಿನ ಎಮಿಲ್ ಜಾವಲ್ ಮತ್ತು ನಾರ್ವೆಯ ಯಾಲ್ಮಾರ್ ಶ್ಯೋಟ್ಸ್.

ಬಿಲ್ಲಿನಂಥ ಪಟ್ಟಿಯ ಮೇಲಿರುವ ಎರಡು ಗುರುತುಗಳನ್ನು ಗಮನಿಸಿ: ಒಂದು ಆಯತ, ಇನ್ನೊಂದು ಮೆಟ್ಟಿಲು. ಮೊದಲು ಅವುಗಳ ಪ್ರತಿಬಿಂಬಗಳನ್ನು ಅಂಚಿಗೆ ಅಂಚು ತಾಗಿಸಿ, ಬಳಿಕ ಪಟ್ಟಿಯನ್ನು 90 ಡಿಗ್ರಿ ತಿರುಗಿಸುತ್ತಿದ್ದರು. ಆಗ ಆಯತ ಮುಚ್ಚಿದ ಪ್ರತಿ ಮೆಟ್ಟಿಲಿಗೂ, ಆ ಎರಡು ದಿಕ್ಕುಗಳಲ್ಲಿ ಕಾರ್ನಿಯಾ ಬೆಳಕನ್ನು ಬಾಗಿಸುವ ಶಕ್ತಿಯ ನಡುವೆ ಸುಮಾರು ಒಂದು ಡಯಾಪ್ಟರ್ (ಆ ಶಕ್ತಿಯ ಏಕಮಾನ) ವ್ಯತ್ಯಾಸ.

ಈ ಉಪಕರಣ ಅಳೆಯುವುದು ಕಾರ್ನಿಯಾದ ನಡುವಿನ ಸುಮಾರು 3 ಮಿ.ಮೀ. ಭಾಗವನ್ನಷ್ಟೇ. ಲೇಸರ್ ಶಸ್ತ್ರಚಿಕಿತ್ಸೆಗೆ ಮುನ್ನ ಇಂದು ಬಳಸುವ ಟೋಪೋಗ್ರಾಫರ್ ಎಂಬ ಸಾಧನ ಕಾರ್ನಿಯಾದ ಮೇಲಿನ ಸಾವಿರಾರು ಬಿಂದುಗಳನ್ನು ಅಳೆದು ಬಣ್ಣದ ನಕ್ಷೆ ಬಿಡಿಸುತ್ತದೆ.